ಇಟಾಸ್ಕಾದಲ್ಲಿ ಅರ್ಧ ಗಂಟೆ ಸಾಕು ಎನ್ನುವವರಿಗೆ

ಮಿನ್ನೆಸೋಟದಲ್ಲಿರುವ ಎಲ್ಲ ಕನ್ನಡ ಬಂಧುಗಳಿಗೆ, ಬೇಸಿಗೆ ಪಿಕ್‌ನಿಕ್ಕಿನ ಉಸ್ತುವಾರಿ ಹೊತ್ತಿರುವ ಸಮಿತಿಯವರಿಗೆ ನಮಸ್ಕಾರ.

ಹಿಮ ಕರಗಿ, ಮೇ ತಿಂಗಳು ಬಂದು, ಊರಿನಿಂದ ಅಪ್ಪ ಅಮ್ಮಂದಿರು ಬಂದಿಳಿಯಲು ಶುರುವಾದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ, ಮಿಸಿಸಿಪ್ಪಿ ನದಿ ಹುಟ್ಟುವ ಇಟಾಸ್ಕಾ ಸ್ಟೇಟ್ ಪಾರ್ಕಿನ ಬಗ್ಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಅತ್ತೆ ಮಾವನ್ನ ಇಟಾಸ್ಕಾಗೆ ಕರ್ಕೊಂಡು ಹೋಗೋಣ ಅಂತಿದ್ದೀವಿ. ಎಷ್ಟು ಹೊತ್ತು ಬೇಕಾಗತ್ತೆ?" ಐದು ನಿಮಿಷದೊಳಗೆ ಉತ್ತರವೂ ಬರುತ್ತದೆ. "ಅರ್ಧ ಗಂಟೆ ಸಾಕು. ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸ್ಕೊಳ್ಳಿ. ಆಮೇಲೆ ಹತ್ತಿರದ ಬೆಮಿಡ್ಜಿ ಊರಿಗೆ ಹೋಗಿ, ಕಥೆಗಳಲ್ಲಿ ಬರೋ ಮರ ಕಡಿಯೋ ದೈತ್ಯ ಪಾಲ್ ಬನಿಯನ್ ಪ್ರತಿಮೆ ನೋಡ್ಕೊಂಡು ಬನ್ನಿ." ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು.

ಆ ಹೆಬ್ಬೆರಳುಗಳಲ್ಲಿ ಹಲವು ವರ್ಷ ನನ್ನದೂ ಒಂದಿತ್ತು. ಹಾಗಾಗಿ ಈ ಪತ್ರ ಬುದ್ಧಿ ಹೇಳುವ ಪತ್ರ ಅಲ್ಲ, ತಪ್ಪೊಪ್ಪಿಗೆ ಅಂದುಕೊಳ್ಳಿ.

ನಾವು ಮೊದಲ ಸಲ ಹೋದದ್ದು 2009ರ ಜುಲೈನಲ್ಲಿ. ಅಮ್ಮ ತೀರ್ಥಹಳ್ಳಿಯಿಂದ ಬಂದು ಹದಿನೈದು ದಿನವಾಗಿತ್ತು. ಬೆಳಗಿನ ಜಾವ ಎದ್ದು ಚಿತ್ರಾನ್ನ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಸುಮಾರು ನಾಲ್ಕು ಗಂಟೆ ಕಾರಿನಲ್ಲಿ ಕುಳಿತು ಉತ್ತರಕ್ಕೆ ಹೋದೆವು. ಬಾಗಿಲಲ್ಲಿ ಕಾರಿಗೆ ಚೀಟಿ ಮಾಡಿಸಿ, ಬಾಣದ ಗುರುತು ಹಿಡಿದು ನೇರ ಮಿಸಿಸಿಪ್ಪಿ ಹುಟ್ಟುವ ಜಾಗಕ್ಕೆ. ದಾರಿಯುದ್ದಕ್ಕೂ ನಮ್ಮವರು ಅಮ್ಮನಿಗೆ ನದಿಯ ಬಣ್ಣನೆ ಮಾಡಿದ್ದೇ ಮಾಡಿದ್ದು. ಹತ್ತು ರಾಜ್ಯಗಳ ಅಂಚಿನಲ್ಲಿ ಹರಿಯುತ್ತದೆ, ಹಡಗುಗಳು ಓಡಾಡುತ್ತವೆ, ಹಾಗೆ ಹೀಗೆ. ಅಮ್ಮ ಮರದ ನೆರಳಿನಿಂದ ಈಚೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಎದುರಿಗೆ ದೊಡ್ಡ ಕೆರೆ, ಕೆರೆಯ ತುದಿಯಲ್ಲಿ ಒಂದು ಸಾಲು ಕಲ್ಲು, ಕಲ್ಲುಗಳ ಸಂದಿಯಿಂದ ಮೊಣಕಾಲುದ್ದದ ನೀರು.

"ಇದೆಂತದೇ ಮಾರಾಯ್ತಿ, ಕೆರೆ ಕೋಡಿ ಬಿದ್ದ ಹಂಗಿದೆ!"

ಆಗ ನಕ್ಕೆವು. ಆಮೇಲೆ ಪಾರ್ಕಿನ ಬಗ್ಗೆ ಓದಿಕೊಂಡಂತೆಲ್ಲ ಅಮ್ಮನ ಮಾತಿಗಿಂತ ಸರಿಯಾದ ವಿವರಣೆ ಎಲ್ಲೂ ಸಿಗಲಿಲ್ಲ. ಮಿಸಿಸಿಪ್ಪಿ ಹುಟ್ಟುವುದು ಬುಗ್ಗೆಯಿಂದಲ್ಲ, ಹಿಮನದಿಯ ಬಾಯಿಂದಲ್ಲ. ಇಟಾಸ್ಕಾ ಎಂಬ ಕೆರೆ ತುಂಬಿ ಹರಿದ ಕೋಡಿಯೇ ಮಿಸಿಸಿಪ್ಪಿ. ಅಲ್ಲಿ ಅದರ ಅಗಲ 20ರಿಂದ 30 ಅಡಿ. ಹೊರಟಿದ್ದು ದಕ್ಷಿಣದ ಕೊಲ್ಲಿಗಾದರೂ ಮೊದಲು ಹರಿಯುವುದು ಉತ್ತರಕ್ಕೆ, ಬೆಮಿಡ್ಜಿಯತ್ತ. ಅಲ್ಲಿಂದ ಪೂರ್ವಕ್ಕೆ ತಿರುಗಿ, ಒಂದೊಂದೇ ಕೆರೆ ಹೊಕ್ಕು ಹೊರಟು, ಆಮೇಲೆ ದಕ್ಷಿಣದ ನೆನಪಾಗುತ್ತದೆ. ಸಂತೆಗೆ ಹೊರಟವರು ದಾರಿಯ ನೆಂಟರ ಮನೆಗೆಲ್ಲ ಹೋಗಿ ಬರುವ ಹಾಗೆ. ಅಲ್ಲಿ ನಿಲ್ಲಿಸಿರುವ ಮರದ ಕಂಬದ ಮೇಲೆ ಹಳದಿ ಅಕ್ಷರದಲ್ಲಿ ಸಮುದ್ರ ಮಟ್ಟದಿಂದ 1,475 ಅಡಿ, ಸಮುದ್ರಕ್ಕೆ 2,552 ಮೈಲಿ ಎಂದು ಬರೆದಿದೆ. ಆದರೆ ದೇಶದ ರಾಷ್ಟ್ರೀಯ ಉದ್ಯಾನ ಇಲಾಖೆ ಹೇಳುವ ಲೆಕ್ಕ ಸುಮಾರು 2,350 ಮೈಲಿ. ನದಿ ಮಗ್ಗುಲು ಬದಲಿಸುತ್ತಲೇ ಇರುತ್ತದೆ, ಅಳೆದವರ ಲೆಕ್ಕ ಅಳೆದವರಿಗೆ. ಇಲ್ಲಿಂದ ಹೊರಟ ಒಂದು ಹನಿ ಮೆಕ್ಸಿಕೋ ಕೊಲ್ಲಿ ಮುಟ್ಟಲು ಸುಮಾರು 90 ದಿನ ಬೇಕಂತೆ. ನಮ್ಮ ಕಡೆಯ ಒಂದು ಮಳೆಗಾಲ.

ಇನ್ನು ಆ ಕಲ್ಲುಗಳ ವಿಷಯ. ನೀವೂ ನಾನೂ ಮಕ್ಕಳನ್ನು ಕೈಹಿಡಿದು ದಾಟಿಸಿ, "ಮಿಸಿಸಿಪ್ಪಿಯನ್ನು ನಡೆದೇ ದಾಟಿದೆವು" ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದೆವಲ್ಲ, ಆ ಕಲ್ಲುಗಳನ್ನು ಅಲ್ಲಿ ಜೋಡಿಸಿದ್ದು ಮನುಷ್ಯರು. ಮೊದಲು ಅದು ಕೆಸರು, ಹುಲ್ಲು, ಜೊಂಡು ತುಂಬಿದ ಜೌಗು. ನದಿ ಎಲ್ಲಿ ಶುರುವಾಗುತ್ತದೆ ಎಂದು ಬೊಟ್ಟು ಮಾಡಿ ತೋರಿಸುವ ಹಾಗಿರಲಿಲ್ಲ. 1930ರ ದಶಕದಲ್ಲಿ, ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಕಂಗೆಟ್ಟಿದ್ದಾಗ, ನಿರುದ್ಯೋಗಿ ಹುಡುಗರನ್ನು ಸೇರಿಸಿ ಕಾಡು ಕೆರೆಗಳ ಕೆಲಸ ಮಾಡಿಸಿದ ಸಿಸಿಸಿ ಎಂಬ ಸರ್ಕಾರಿ ಪಡೆ ಇತ್ತು. ಅವರು ಆ ಜೌಗಿನ ನೀರು ಬಸಿದು, ಹೊಸ ಕಾಲುವೆ ತೋಡಿ, ಕೋಡಿಗೆ ಒಡ್ಡು ಹಾಕಿ, ಒಡ್ಡು ಕಾಣದಂತೆ ಕಲ್ಲು ಕೂರಿಸಿದರು. ಬಂದವರಿಗೆ ನದಿಯ ಹುಟ್ಟು ಹೇಗಿರಬೇಕು ಅನ್ನಿಸುತ್ತದೋ ಹಾಗೆ ಅದನ್ನು ಸಿಂಗರಿಸಿದರು. ಇದನ್ನು ಮೋಸ ಅನ್ನಲಾರೆ. ತಲಕಾವೇರಿಯ ಕುಂಡಿಕೆಗೂ ಕಲ್ಲು ಕಟ್ಟಿದವರು ಮನುಷ್ಯರೇ ತಾನೆ. ಆದರೆ 32,000 ಎಕರೆಗೂ ಮಿಕ್ಕಿದ, ನೂರಕ್ಕೂ ಹೆಚ್ಚು ಕೆರೆಗಳಿರುವ ಪಾರ್ಕಿನಲ್ಲಿ ನಾವು ನೋಡಿ ಬರುವುದು ಮನುಷ್ಯರು ಜೋಡಿಸಿದ ಹತ್ತು ಗಜ ಜಾಗವನ್ನು ಮಾತ್ರ. ಇಷ್ಟೇ ನನ್ನ ತಕರಾರು.

ಹೆಸರಿನ ಕಥೆಯೂ ಹೀಗೇ. ಇಟಾಸ್ಕಾ ಅಂದರೆ ಯಾವುದೋ ಮೂಲನಿವಾಸಿ ರಾಜಕುಮಾರಿಯ ಹೆಸರಿರಬೇಕು ಎಂದು ನಾನು ಬಹಳ ದಿನ ನಂಬಿದ್ದೆ, ಮಗಳಿಗೂ ಹಾಗೇ ಹೇಳಿದ್ದೆ. ಅಲ್ಲ. 1832ರ ಜುಲೈ 13ರಂದು ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಸರ್ಕಾರಿ ಅಧಿಕಾರಿ ಈ ಕೆರೆಗೆ ಬಂದ. ನದಿಯ ನಿಜವಾದ ತಲೆ ಇದೇ ಎಂದು ಹೇಳಲು ಜೊತೆಗಿದ್ದ ಪಾದ್ರಿಯಿಂದ ಲ್ಯಾಟಿನ್ ಪದ ಕೇಳಿದ. ವೆರಿಟಾಸ್ ಅಂದರೆ ಸತ್ಯ, ಕಾಪುಟ್ ಅಂದರೆ ತಲೆ. ಎರಡನ್ನೂ ಅಂಟಿಸಿ, ಮೊದಲ ಪದದ ತಲೆಯನ್ನೂ ಎರಡನೆಯದರ ಬಾಲವನ್ನೂ ಕತ್ತರಿಸಿದ. ಉಳಿದದ್ದು ಇಟಾಸ್ಕಾ. ನಾವು ಸತ್ಯಶಿರ ಎಂದು ಬರೆದು ಎರಡು ತುದಿಯನ್ನೂ ಒರೆಸಿ 'ತ್ಯಶಿ ಕೆರೆ' ಅಂದ ಹಾಗೆ. ಕೆರೆಗೆ ಅದಕ್ಕೂ ಮೊದಲೇ ಹೆಸರಿತ್ತು. ಇಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನ ಅದನ್ನು ಎಲ್ಕ್ ಜಿಂಕೆಯ ಕೆರೆ ಎಂದು ಕರೆಯುತ್ತಿದ್ದರು, ಫ್ರೆಂಚ್ ವ್ಯಾಪಾರಿಗಳೂ ಅದನ್ನೇ ತಮ್ಮ ಮಾತಿಗೆ ತಿರುಗಿಸಿಕೊಂಡಿದ್ದರು.

ಸ್ಕೂಲ್‌ಕ್ರಾಫ್ಟ್ 'ಕಂಡುಹಿಡಿದ' ಎಂದು ನಮ್ಮ ಮಕ್ಕಳ ಪಾಠದಲ್ಲಿ ಬರುತ್ತದೆ. ದಾರಿ ತೋರಿಸಿ ಕರೆತಂದದ್ದು ಓಜಾವಿಂಡಿಬ್ ಎಂಬ ಓಜಿಬ್ವೆ ನಾಯಕ. ಪುಟ್ಟ ದೋಣಿಗಳಲ್ಲಿ, ಸೊಳ್ಳೆ ಜೌಗುಗಳ ನಡುವೆ, ಎಲ್ಲಿ ದೋಣಿ ಇಳಿಸಬೇಕು, ಎಲ್ಲಿ ಹೊತ್ತು ನಡೆಯಬೇಕು ಎಂದು ಬಲ್ಲವನು ಅವನೊಬ್ಬನೇ. ಅದು ಅವನ ನೆಲ. ಅದಕ್ಕೂ ಮೊದಲು 1806ರಲ್ಲಿ ಪೈಕ್ ಎಂಬ ಸೇನಾಧಿಕಾರಿ ಬಂದು ಲೀಚ್ ಲೇಕ್ ಎಂಬ ಕೆರೆಯ ಕಡೆ ನದಿಯ ಮೂಲ ಎಂದಿದ್ದ. 1820ರಲ್ಲಿ ಕ್ಯಾಸ್ ಎಂಬ ಗವರ್ನರ್ ಬಂದು ಈಗ ತನ್ನ ಹೆಸರಿನಲ್ಲೇ ಇರುವ ಕೆರೆಯ ಹತ್ತಿರ ಹಿಂದಿರುಗಿದ್ದ. 1823ರಲ್ಲಿ ಬೆಲ್ಟ್ರಾಮಿ ಎಂಬ ಇಟಲಿಯವನು ಇನ್ನೊಂದು ಕೆರೆ ತೋರಿಸಿ ಅದೇ ಎಂದ. ಸ್ಕೂಲ್‌ಕ್ರಾಫ್ಟ್‌ಗೆ ಸರಿಯಾದ ಕೆರೆ ಸಿಕ್ಕಿದ್ದು ಊರಿನವರನ್ನು ಕೇಳಿದ್ದರಿಂದ. ಇಷ್ಟಾಗಿ ಅವನು ಇಲ್ಲಿದ್ದದ್ದು ಎಷ್ಟು ಹೊತ್ತು ಅನ್ನುತ್ತೀರಿ? ದ್ವೀಪದ ಮೇಲೆ ಬಾವುಟ ಹಾರಿಸಿ, ಅದೇ ದಿನ ಹೊರಟುಬಿಟ್ಟ. ಅವಸರದ ಪ್ರವಾಸಿಗರಲ್ಲಿ ಅವನೇ ನಮ್ಮ ಮೂಲಪುರುಷ.

ಮಿಸಿಸಿಪ್ಪಿ ಎಂಬ ಹೆಸರು ಮಾತ್ರ ಆ ಜನರದ್ದೇ. ಅವರ ಮಾತಿನಲ್ಲಿ ಮಿಸಿ-ಜೀಬಿ, ದೊಡ್ಡ ಹೊಳೆ. ನಮ್ಮ ಹಳೆಯ ಶಾಸನಗಳಲ್ಲಿ ಕೃಷ್ಣೆಯನ್ನು ಪೆರ್ದೊರೆ ಎಂದು ಕರೆದಿದ್ದಾರಲ್ಲ, ಹೆದ್ದೊರೆ, ಅದೇ ಅರ್ಥ. ಒಬ್ಬರನ್ನೊಬ್ಬರು ಕಂಡೇ ಇರದ ಎರಡು ಜನ ತಮ್ಮ ತಮ್ಮ ನದಿಯ ಎದುರು ನಿಂತು ಒಂದೇ ಮಾತು ಹೇಳಿದ್ದಾರೆ. ಕಲ್ಲಿನ ಮೇಲೆ ಮಕ್ಕಳನ್ನು ನಿಲ್ಲಿಸಿದಾಗ ಇಷ್ಟನ್ನಾದರೂ ಹೇಳಿ.

ಈಗ ನನ್ನ ತಪ್ಪೊಪ್ಪಿಗೆ. ಅಮ್ಮ ಮಡಿ ಚೀಲದಲ್ಲಿ ಅರಿಶಿನ ಕುಂಕುಮ, ನಾಲ್ಕು ಹೂವು, ಒಂದು ಹತ್ತಿಬತ್ತಿ ತಂದಿದ್ದಳು. ಎಳ್ಳಮಾವಾಸ್ಯೆ ಜಾತ್ರೆಗೆ ತುಂಗೆಯಲ್ಲಿ ಮುಳುಗು ಹಾಕಿ ಬೆಳೆದವಳು. ನದಿಯ ಹುಟ್ಟು ಅಂದಮೇಲೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ನಾನೂ ಬೇಡ ಅನ್ನಲಿಲ್ಲ. ಅನ್ನುವುದಿರಲಿ, ಚಿತ್ರಾನ್ನ ತಂದಿದ್ದ ಅಲ್ಯುಮಿನಿಯಂ ಹಾಳೆಯನ್ನು ದೊನ್ನೆಯ ಹಾಗೆ ಮಡಚಿಕೊಟ್ಟವಳೇ ನಾನು. ಬತ್ತಿ ಹೊತ್ತಿಸಿ ತೇಲಿಬಿಟ್ಟೆವು. ಕಲ್ಲಿನಿಂದ ಸ್ವಲ್ಪ ಕೆಳಗೆ ಅಡ್ಡ ಮರವೊಂದನ್ನು ಸಂಕದ ಹಾಗೆ ಹಾಕಿದ್ದಾರೆ. ದೀಪ ಅದರಡಿ ನುಸುಳಿ, ಜೊಂಡಿಗೆ ಸಿಕ್ಕಿಕೊಂಡು ಆರಿಹೋಯಿತು. ನಾವು ಕೈ ಮುಗಿದು ತಿರುಗುವಷ್ಟರಲ್ಲಿ ಹಸಿರು ಅಂಗಿಯ ರೇಂಜರ್ ಒಬ್ಬ ಬೂಟುಗಾಲಲ್ಲೇ ನೀರಿಗೆ ಇಳಿದು, ಆ ಹಾಳೆಯ ದೊನ್ನೆ ಎತ್ತಿಕೊಂಡು, ನೀರು ಬಸಿದು, ನಮ್ಮ ಹತ್ತಿರ ತಂದ. ದಂಡ ಹಾಕಲಿಲ್ಲ, ಗದರಲೂ ಇಲ್ಲ. "ಇದು ನಿಮ್ಮದಿರಬೇಕು" ಎಂದು ಎರಡೂ ಕೈಯಲ್ಲಿ ಕೊಟ್ಟ, ಪ್ರಸಾದ ಕೊಟ್ಟ ಹಾಗೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ಎಲ್ಲ ತಿಳಿದಿತ್ತು. ಕಾರಿಗೆ ಹತ್ತುವಾಗ, "ಅವನ ದೇವಸ್ಥಾನ ಅವನು ಗುಡಿಸ್ಕೊಳ್ತಾನೆ, ನಾವು ಯಾಕೆ ಕಸ ಹಾಕಿದ್ವೇ?" ಅಂದಳು.

ನಲವತ್ತು ನಿಮಿಷಕ್ಕೆ ಹೊರಟುಬಂದೆವು. ಒಟ್ಟು ಎಂಟು ಗಂಟೆ ಕಾರು, ನಲವತ್ತು ನಿಮಿಷ ಕಲ್ಲು.

ಎರಡನೆಯ ಸಲ ಹೋದದ್ದು ಏಳು ವರ್ಷದ ಮೇಲೆ, ಅಮ್ಮ ಮತ್ತೆ ಬಂದಾಗ. ಅಷ್ಟರಲ್ಲಿ ಹದಿನಾರಕ್ಕೆ ಬಂದಿದ್ದ ಮಗಳು, ಎರಡು ರಾತ್ರಿ ಉಳಿಯುವುದಾದರೆ ಬರುತ್ತೇನೆ, ಇಲ್ಲದಿದ್ದರೆ ನೀವೇ ಹೋಗಿ ಬನ್ನಿ ಎಂದಳು. ಜೂನ್ ಕೊನೆಯ ವಾರ ಸಿಕ್ಕಿದ ಒಂದು ಕೋಣೆಯ ಮರದ ಮನೆಯಲ್ಲಿ ಉಳಿದೆವು. ಅವತ್ತು ರಾತ್ರಿ ಹತ್ತೂವರೆ ಇರಬಹುದು, ಬೇಸಿಗೆಯ ಬೆಳಕು ಆಗಷ್ಟೇ ಪೂರ್ತಿ ಆರಿತ್ತು. ಅಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ಯಾರೋ ಹೆಂಗಸು ಅಳ್ತಿದಾಳೆ ಕಣೇ ಕೆರೆ ಹತ್ರ." ಕಿವಿಗೊಟ್ಟೆ. ಕೆರೆಯ ಈ ದಡದಿಂದ ಒಂದು ಉದ್ದನೆಯ ಕೂಗು ಎದ್ದು, ನಡುವೆ ಏರಿ, ಕೊನೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಆ ದಡದಿಂದ ಅದಕ್ಕೆ ಉತ್ತರ. ಲೂನ್ ಹಕ್ಕಿ, ಈ ರಾಜ್ಯದ ಹಕ್ಕಿ ಎಂದು ಕಾರಿನ ಸ್ಟಿಕ್ಕರಿನ ಮೇಲೆ ನಾವೆಲ್ಲ ನೋಡಿದ್ದೇವೆ. ಅದರ ಕೂಗನ್ನು ಇಷ್ಟು ವರ್ಷವಾದರೂ ನಾನು ಕೇಳಿರಲಿಲ್ಲ. ಬೆಳಿಗ್ಗೆ ನೋಡಿದರೆ ತಾಯಿ ಹಕ್ಕಿ ಬೆನ್ನ ಮೇಲೆ ಎರಡು ಮರಿ ಕೂರಿಸಿಕೊಂಡು ತೇಲುತ್ತಿತ್ತು. ಅಮ್ಮ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕುಳಿತವಳು ತಿಂಡಿಗೆ ಕರೆದರೂ ಏಳಲಿಲ್ಲ.

ಆ ದಿನ ನಡೆದದ್ದು ಡಾಕ್ಟರ್ ರಾಬರ್ಟ್ಸ್ ಹೆಸರಿನ ಕಾಲುದಾರಿ. 1905ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಡಗ್ಲಸ್ ಲಾಡ್ಜ್ ಹತ್ತಿರ ಶುರುವಾಗುತ್ತದೆ, ಎರಡು ಮೈಲಿಯಷ್ಟು. ವೃತ್ತಿಯಲ್ಲಿ ವೈದ್ಯ, ಪ್ರೀತಿಯಲ್ಲಿ ಹಕ್ಕಿಗಳ ಅಧ್ಯಯನ ಮಾಡಿದವರ ಹೆಸರು ಅದು. ಅಮ್ಮನಿಗೆ ಮಂಡಿನೋವು, ಎರಡು ಮೈಲಿಗೆ ಮೂರು ಗಂಟೆ ಬೇಕಾಯಿತು. ಆ ನಿಧಾನವೇ ನಮಗೆ ಲಾಭವಾಯಿತು. ದಾರಿಯಲ್ಲಿ ಸಿಸಿಸಿ ಹುಡುಗರು 1934ರಲ್ಲಿ ಕಟ್ಟಿದ ಒಂದು ಪುಟ್ಟ ಮನೆ ಇದೆ. ಗೋಡೆ ಎಣಿಸಿದರೆ ನಾಲ್ಕೇ ದಿಮ್ಮಿ. ಒಂದರ ಮೇಲೊಂದು ನಾಲ್ಕು ದಿಮ್ಮಿ ಇಟ್ಟರೆ ಗೋಡೆ ಮುಗಿಯುವಷ್ಟು ದಪ್ಪನೆಯ ಮರಗಳು ಈ ಕಾಡಿನಲ್ಲಿದ್ದವು. ನಮ್ಮವರು ಒಂದನ್ನು ತಬ್ಬಿ ನೋಡಿದರು, ಎರಡು ಕೈ ಸೇರಲಿಲ್ಲ.

ಜೌಗಿನ ಅಂಚಿನಲ್ಲಿ ಅಮ್ಮ ನಿಂತಳು. ಗುಲಾಬಿ, ಬಿಳಿ ಬಣ್ಣದ, ಚಪ್ಪಲಿಯ ಉಂಗುಷ್ಠದ ಹಾಗೆ ಉಬ್ಬಿದ ಹೂವು, ಗುಂಪಾಗಿ. "ಸೀತಾಳೆ ದಂಡೆ ಜಾತಿದು ಕಣೇ" ಎಂದು ಬಗ್ಗಿ ಕೈ ಚಾಚಿದಳು. ಮಲೆನಾಡಿನ ಹೆಂಗಸು, ಹೂ ಕಂಡರೆ ಕೈ ತಾನೇ ಹೋಗುತ್ತದೆ. ಹಿಂದಿನಿಂದ ಮಗಳು ಕಿರುಚಿದಳು: "ಅಜ್ಜೀ, ಕೀಳ್ಬೇಡಿ!" ಅದು ಲೇಡಿ ಸ್ಲಿಪ್ಪರ್, 1902ರಿಂದ ಈ ರಾಜ್ಯದ ಹೂವು. 1925ರಿಂದ ಅದನ್ನು ಕೀಳುವುದು ಕಾನೂನಿನಲ್ಲೇ ಅಪರಾಧ. ಬೀಜ ಮೊಳೆತು ಮೊದಲ ಹೂ ಬಿಡಲು 16 ವರ್ಷ ಆಗಬಹುದು ಎಂದು ಮಗಳು ವಿವರಿಸಿದಳು. ಅಮ್ಮ ಚಾಚಿದ ಕೈ ಹಿಂದೆಗೆದು ಸೆರಗಿನ ತುದಿ ಹಿಡಿದುಕೊಂಡಳು. "ಹದಿನಾರು ವರ್ಷವಾ? ನಿನ್ನಷ್ಟೇ ಆಯ್ತಲ್ಲೇ. ತೆಂಗು ಎಂಟು ವರ್ಷಕ್ಕೆ ಕಾಯಿ ಕೊಡತ್ತೆ ಮಾರಾಯ್ತಿ."

ಪಾರ್ಕಿನಲ್ಲಿ ಇನ್ನೊಂದು ವಿಚಿತ್ರ ನೋಡಿದೆವು. ಎಳೆಯ ಬಿಳಿ ಪೈನ್ ಸಸಿಗಳ ತುದಿ ಚಿಗುರಿಗೆ ಯಾರೋ ಕಾಗದದ ತುಂಡು ಸುತ್ತಿ ಸ್ಟೇಪಲ್ ಹೊಡೆದಿದ್ದರು, ಹಳೆಯದಾಗಿ ಹರಿದು ನೇತಾಡುತ್ತಿತ್ತು. ಚಳಿಗಾಲದಲ್ಲಿ ಜಿಂಕೆಗಳು ತುದಿ ಚಿಗುರು ತಿಂದರೆ ಮರ ಮೇಲೇಳುವುದಿಲ್ಲ. ಅದಕ್ಕೆ ಪ್ರತಿ ವರ್ಷ ಹಿಮ ಬೀಳುವ ಮೊದಲು ಒಂದೊಂದು ಸಸಿಗೂ ಬಗ್ಗಿ ಟೋಪಿ ಹಾಕುತ್ತಾರೆ, ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರ ಬೆಳೆಯುವವರೆಗೆ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗ ಬರದಿರಲೆಂದು ಗೊನೆ ಗೊನೆಗೆ ಕೊಟ್ಟೆ ಕಟ್ಟಿಸಿದವರು ನಾವು. ಪ್ರೀಚರ್ಸ್ ಗ್ರೋವ್ ಎಂಬಲ್ಲಿ ಕೆಂಪು ಪೈನ್ ಮರಗಳಿವೆ, 250 ವರ್ಷ ದಾಟಿದವು. ಹಳೆಯ ಕಾಡ್ಗಿಚ್ಚು ನೆಲ ಬೋಳು ಮಾಡಿಟ್ಟ ಮೇಲೆ ಬಿಸಿಲು ಕಂಡು ಎದ್ದ ಮರಗಳಂತೆ ಅವು. ಆಮೇಲೆ ಮನುಷ್ಯರು ಬೆಂಕಿ ಆರಿಸುವುದರಲ್ಲಿ ಪಳಗಿದರು, ದೊಡ್ಡ ಮರಗಳ ಕೆಳಗೆ ಮರಿ ಮರಗಳೇ ಕಾಣದಾದವು. ಈಗ ಇಲಾಖೆಯವರೇ ಹದ ನೋಡಿ ಅಲ್ಲಲ್ಲಿ ಬೆಂಕಿ ಹಾಕುತ್ತಾರೆ.

ಆ ಮರಗಳು ಉಳಿದಿವೆ ಅನ್ನುವುದೇ ಒಂದು ಪವಾಡ. ನಾಟಾ ಕಂಪನಿಗಳು ಉತ್ತರ ಮಿನ್ನೆಸೋಟದ ಪೈನ್ ಕಾಡನ್ನು ಬೋಳಿಸುತ್ತಿದ್ದ ಕಾಲ ಅದು. ಜೇಕಬ್ ಬ್ರೋವರ್ ಎಂಬಾತ ನದಿಯ ಮೂಲದ ಜಗಳ ಬಗೆಹರಿಸಲೆಂದು ಈ ಕೆರೆಯ ಸುತ್ತ ಸರ್ವೆಗೆ ಬಂದವನು, ಕಾಡನ್ನು ನೋಡಿ ಇದನ್ನು ಉಳಿಸಲೇಬೇಕು ಎಂದು ಹಟಕ್ಕೆ ಬಿದ್ದ. 1891ರ ಏಪ್ರಿಲ್ 20ರಂದು ಇದು ಮಿನ್ನೆಸೋಟದ ಮೊದಲ ಸ್ಟೇಟ್ ಪಾರ್ಕ್ ಆಯಿತು. ಶಾಸನಸಭೆಯಲ್ಲಿ ಗೆದ್ದದ್ದು ಒಂದೇ ಒಂದು ಮತದಿಂದ. ಪಾರ್ಕ್ ಎಂದು ಬರೆದ ಮಾತ್ರಕ್ಕೆ ಕೊಡಲಿ ನಿಲ್ಲಲಿಲ್ಲ. ಒಳಗಿನ ಜಮೀನಿನಲ್ಲಿ ಬಹಳಷ್ಟು ಪಾಲು ಆ ಕಂಪನಿಗಳ ಕೈಯಲ್ಲೇ ಇತ್ತು.

ಇಲ್ಲಿ ನಿಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾದ ಕಥೆಯೊಂದಿದೆ. ವಸಂತದಲ್ಲಿ ದಿಮ್ಮಿಗಳನ್ನು ತೇಲಿಸಿ ಸಾಗಿಸಲು ನಾಟಾ ಕಂಪನಿಯವರು ಕೆರೆಯ ಕೋಡಿಗೆ ಒಡ್ಡು ಹಾಕಿ ನೀರು ನಿಲ್ಲಿಸಿದ್ದರು. ಕೆರೆ ಏರಿ ದಡದ ಮರಗಳು ಮುಳುಗುತ್ತಿದ್ದವು. 1903ರಲ್ಲಿ ಪಾರ್ಕಿನ ಕಮಿಷನರ್ ಆಗಿದ್ದ ಜಾನ್ ಗಿಬ್ಸ್ ತೀರಿಕೊಂಡರು. ಆ ಹುದ್ದೆಗೆ ರಾಜ್ಯಪಾಲರು ನೇಮಿಸಿದ್ದು ಅವರ ಮಗಳು ಮೇರಿ ಗಿಬ್ಸ್‌ಳನ್ನು. ವಯಸ್ಸು 24. ಹುಡುಗಿ ನೇರ ಒಡ್ಡಿಗೆ ಹೋಗಿ ತೂಬು ಎತ್ತಿ ಎಂದಳು. ಕಂಪನಿಯ ಆಳುಗಳು ಬಂದೂಕು ತೋರಿಸಿದರು, ತೂಬಿನ ಮೇಲೆ ಕೈಯಿಟ್ಟವರನ್ನು ಸುಡುತ್ತೇವೆಂದು ಹೆದರಿಸಿದರು. ಅವಳು ಕೈಯಿಟ್ಟಳು. ಯಾರೂ ಸುಡಲಿಲ್ಲ. ಕೆಲವೇ ತಿಂಗಳಲ್ಲಿ ಅವಳು ಹುದ್ದೆ ಬಿಟ್ಟಳು, ಮರ ಕಡಿಯುವುದು ಅದಾದ ಮೇಲೂ ಹದಿನೈದಕ್ಕೂ ಹೆಚ್ಚು ವರ್ಷ ನಡೆಯಿತು. ಆದ್ದರಿಂದ ಇದನ್ನು ಗೆಲುವಿನ ಕಥೆ ಅನ್ನಲು ಬರುವುದಿಲ್ಲ. ನದಿಮೂಲದ ಪಕ್ಕದಲ್ಲಿ ನಾವು ಐಸ್‌ಕ್ರೀಮಿಗೂ ಬಾತ್‌ರೂಮಿಗೂ ಹೋಗುವ ಕಟ್ಟಡ ಇದೆಯಲ್ಲ, ಅದಕ್ಕೆ ಅವಳ ಹೆಸರಿಟ್ಟಿದ್ದಾರೆ. ಬಾಗಿಲ ಮೇಲಿನ ಹೆಸರನ್ನು ನಾನು ಮೊದಲ ಸಲ ಓದಿರಲೂ ಇಲ್ಲ. ನನ್ನ ಮಗಳಿಗೆ ಈಗ ಹೆಚ್ಚು ಕಡಿಮೆ ಅದೇ ವಯಸ್ಸು. ಮ್ಯಾನೇಜರ್‌ಗೆ ರಜೆಯ ಇಮೇಲ್ ಬರೆಯಲು ಮೂರು ಸಲ ನನ್ನನ್ನು ಕೇಳುತ್ತಾಳೆ.

ಇನ್ನೂ ಹಿಂದೆ ಹೋಗಬೇಕೆಂದರೆ ಅದೂ ಇಲ್ಲೇ ಇದೆ. 1930ರ ದಶಕದಲ್ಲಿ ರಸ್ತೆ ಕೆಲಸದವರಿಗೆ ಕೆರೆಯ ನೈರುತ್ಯದ ಜೌಗಿನಲ್ಲಿ ದೊಡ್ಡ ಮೂಳೆಗಳು ಸಿಕ್ಕವು. ಸುಮಾರು 8,000 ವರ್ಷ ಹಿಂದಿನ ಬೇಟೆಗಾರರು ನೀರು ದಾಟುತ್ತಿದ್ದ ಕಾಡೆಮ್ಮೆಗಳನ್ನು ಕೊಂದ ಜಾಗವಂತೆ, ಕಲ್ಲಿನ ಆಯುಧಗಳೂ ಸಿಕ್ಕಿವೆ. ನೋಡಲು ಅಲ್ಲಿ ಏನೂ ಇಲ್ಲ, ಒಂದು ಫಲಕ, ಹುಲ್ಲು, ನೊಣ. ಹಾಗಾಗಿ ಯಾರೂ ನಿಲ್ಲುವುದಿಲ್ಲ. ಇನ್ನೊಂದು ಕಡೆ ಮೂಲನಿವಾಸಿಗಳ ಸಮಾಧಿ ದಿಬ್ಬಗಳಿವೆ. ಅಲ್ಲಿಗೆ ಹೋದರೆ ದಯವಿಟ್ಟು ಮಕ್ಕಳನ್ನು ದಿಬ್ಬದ ಮೇಲೆ ಹತ್ತಲು ಬಿಡಬೇಡಿ. ನಮ್ಮ ಹಿರಿಯರ ಸಮಾಧಿಯ ಮೇಲೆ ಯಾರಾದರೂ ಚೆಂಡಾಡಿದರೆ ಸುಮ್ಮನಿರುತ್ತೇವೆಯೇ? ಈ ನೆಲವನ್ನೆಲ್ಲ 1855ರ ಒಪ್ಪಂದದಲ್ಲಿ ಓಜಿಬ್ವೆಯವರಿಂದ ಬರೆಸಿಕೊಂಡದ್ದು. ಆ ಜನ ಎಲ್ಲೂ ಹೋಗಿಲ್ಲ, ಪಕ್ಕದ ವೈಟ್ ಅರ್ಥ್, ಲೀಚ್ ಲೇಕ್ ಎಂಬ ತಮ್ಮ ಮೀಸಲು ಪ್ರದೇಶಗಳಲ್ಲಿ ಇದ್ದಾರೆ. ಇವತ್ತಿಗೂ ದೋಣಿಯಲ್ಲಿ ಹೋಗಿ, ನೀರಲ್ಲಿ ಬೆಳೆದ ಕಾಡು ಅಕ್ಕಿಯ ತೆನೆಯನ್ನು ಕೋಲಿನಿಂದ ಬಾಗಿಸಿ ತಟ್ಟಿ ದೋಣಿಗೇ ಉದುರಿಸಿಕೊಳ್ಳುತ್ತಾರೆ. ಮನೋಮಿನ್ ಎನ್ನುತ್ತಾರೆ ಅದನ್ನು. ಹೀಗೆ ಕೈಯಲ್ಲಿ ಕೊಯ್ದದ್ದು ಸಿಕ್ಕರೆ ಒಂದು ಪೊಟ್ಟಣ ಕೊಂಡುತನ್ನಿ. ಕರಿಮೆಣಸು, ತುಪ್ಪ ಹಾಕಿ ಪೊಂಗಲ್ ಮಾಡಿದರೆ ನಮ್ಮ ಮನೆಯಲ್ಲಿ ತಳ ಕೆರೆಯುತ್ತಾರೆ. ಬೇಯಲು ಮುಕ್ಕಾಲು ಗಂಟೆ ಬೇಕು, ಅದನ್ನೂ ಅರ್ಧ ಗಂಟೆಗೆ ಇಳಿಸಲು ಹೋಗಬೇಡಿ.

ನಾವು ಮಾಡುವ ಅಧ್ವಾನಗಳ ಬಗ್ಗೆ ಎರಡು ಮಾತು. ನದಿಮೂಲದಲ್ಲಿ ನಮ್ಮವರು ಚಿಲ್ಲರೆ ಎಸೆಯುವುದನ್ನು, ಪಿಕ್‌ನಿಕ್ ಮೇಜಿನ ಮೇಲೆ ಕರ್ಪೂರ ಹಚ್ಚುವುದನ್ನು, ಅಳಿಲಿನ ಜಾತಿಯ ಚಿಪ್‌ಮಂಕ್‌ಗೆ ಖಾರ ಮಿಕ್ಸ್ಚರ್ ತಿನ್ನಿಸಿ ಅದು ಮೂತಿ ಒರೆಸಿಕೊಳ್ಳುವುದನ್ನು ವಿಡಿಯೋ ಮಾಡುವುದನ್ನು ನಾನೇ ನೋಡಿದ್ದೇನೆ. ಸ್ಪೀಕರ್ ಹಚ್ಚಿ ಅಂತ್ಯಾಕ್ಷರಿ ಹಾಡಿದ್ದಕ್ಕೆ ಪಕ್ಕದ ಬಿಡಾರದವರು ಬಂದು ಮೆಲ್ಲಗೆ ಕೈ ಮುಗಿದದ್ದೂ ಉಂಟು. ನನಗೂ ಹಾಡು ಇಷ್ಟವೇ. ಆದರೆ ಲೂನ್‌ಗೆ ಪೈಪೋಟಿ ಕೊಡುವಂಥ ಕಂಠ ನಮ್ಮ ಗುಂಪಿನಲ್ಲಿ ಯಾರಿಗಿದೆ, ನೀವೇ ಹೇಳಿ. ಕ್ಯಾಂಪ್ ಫೈರಿಗೆ ಮನೆಯ ಹಿತ್ತಲಿನ ಸೌದೆ ಕಾರಿಗೆ ತುಂಬಿಕೊಂಡು ಹೋಗಬೇಡಿ. ಮರ ತಿನ್ನುವ ಹುಳು ಸೌದೆಯ ಜೊತೆ ಊರೂರು ಸುತ್ತುತ್ತದೆ, ಅದಕ್ಕೇ ನಿಷೇಧವಿದೆ. ಅಲ್ಲೇ ಕೊಳ್ಳಿ.

ಮತ್ತೆ ಉಣುಗು. ಶಿವಮೊಗ್ಗ ಕಡೆಯವರಿಗೆ ಇದರ ಭಯ ಹೇಳಿಕೊಡಬೇಕಿಲ್ಲ, 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಇಲ್ಲಿಯ ಜಿಂಕೆ ಉಣುಗು ಹರಡುವುದು ಲೈಮ್ ಕಾಯಿಲೆ. ಎಳ್ಳು ಕಾಳಿನಷ್ಟಿರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ದಾರಿಯ ನಡುವೆ ನಡೆಯಿರಿ, ಸಂಜೆ ಮಕ್ಕಳ ಮಂಡಿ ಸಂದು, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ನೋಡಿ. ಆಗುಂಬೆಯಲ್ಲಿ ಉಂಬಳ ಹುಡುಕಿದ ಹಾಗೆ. ಉಂಬಳ ರಕ್ತ ಕುಡಿದು ತಾನಾಗಿ ಬಿದ್ದುಹೋಗುವ ಸಜ್ಜನ, ಇದು ಹಾಗಲ್ಲ.

ಸಮಿತಿಯವರಲ್ಲಿ ನನ್ನ ಬೇಡಿಕೆ ಒಂದೇ. ಪ್ರತಿ ವರ್ಷ ಊರ ಪಕ್ಕದ ಪಾರ್ಕಿನ ಶೆಡ್ಡಿನಲ್ಲಿ ಥ್ರೋಬಾಲ್, ಲೆಮನ್ ಅಂಡ್ ಸ್ಪೂನ್, ಬಿಸಿಬೇಳೆಭಾತ್ ಮಾಡುತ್ತೇವೆ. ಬರುವ ವರ್ಷ ಜೂನ್ ಕೊನೆಯ ವಾರ ಎರಡು ರಾತ್ರಿ ಇಟಾಸ್ಕಾದಲ್ಲಿ ಮಾಡೋಣ. ಟೆಂಟ್ ಜಾಗದ ಬುಕಿಂಗ್ 120 ದಿನ ಮೊದಲು ತೆರೆಯುತ್ತದೆ, ಬೇಸಿಗೆಯ ಶನಿವಾರಗಳು ಬಿಸಿ ದೋಸೆಯ ಹಾಗೆ ಖಾಲಿಯಾಗುತ್ತವೆ, ಫೆಬ್ರವರಿಯಲ್ಲೇ ಯಾರಾದರೂ ಕಂಪ್ಯೂಟರ್ ಮುಂದೆ ಕೂರಬೇಕು. ಕಾಲಲ್ಲಿ ಕಸುವಿರುವವರು ಕಾಡ್ಗಿಚ್ಚು ಕಾಯಲು ಕಟ್ಟಿದ 100 ಅಡಿಯ ಗೋಪುರ ಹತ್ತಲಿ, ಹುಡುಗರು ಸೈಕಲ್ಲಿನಲ್ಲಿ ಹತ್ತು ಮೈಲಿಯ ವೈಲ್ಡರ್ನೆಸ್ ಡ್ರೈವ್ ಸುತ್ತಲಿ. ಮಂಡಿನೋವಿನವರ ಜೊತೆ ನಾನು ಇರುತ್ತೇನೆ. ಅವರ ಜೊತೆ ನಡೆದರೇ ಹೆಚ್ಚು ಕಾಣುವುದು ಎಂದು ಅನುಭವದಿಂದ ಹೇಳುತ್ತಿದ್ದೇನೆ. ಕಲ್ಲಿನ ಮೇಲೆ ಫೋಟೋ ಬೇಡ ಎಂದು ನಾನೆಲ್ಲಿ ಹೇಳಿದೆ? ತೆಗೆಸಿಕೊಳ್ಳೋಣ, ಮೂರನೆಯ ದಿನ, ಹೊರಡುವ ಮುಂಚೆ.

ಅಮ್ಮ ಈಗ ಅಷ್ಟು ದೂರ ವಿಮಾನದಲ್ಲಿ ಕೂರಲಾರಳು. ಮೊನ್ನೆ ಫೋನಿನಲ್ಲಿ ಊರ ಮಳೆಯ ಸುದ್ದಿಯೆಲ್ಲ ಹೇಳಿ ಮುಗಿಸಿ, "ನಿಮ್ಮ ಕೆರೆ ಕೋಡಿ ಹರೀತಿದ್ಯನೇ?" ಎಂದು ಕೇಳಿದಳು. ಹೋಗಿ ನೋಡಿ ಹೇಳುತ್ತೇನೆ ಎಂದಿದ್ದೇನೆ.

ಬರುವವರು ಗುಂಪಿನಲ್ಲಿ ಹೆಸರು ಹಾಕಿ. ಪುಳಿಯೋಗರೆ ನನ್ನ ಜವಾಬ್ದಾರಿ, ಸೊಳ್ಳೆ ಎಣ್ಣೆ ನೀವೇ ತನ್ನಿ.

ಇಂತಿ,
ತೀರ್ಥಹಳ್ಳಿ ಕಡೆಯವಳು,
ಸದ್ಯಕ್ಕೆ ಮಿನಿಯಾಪೊಲಿಸ್ ಪಕ್ಕದವಳು